ಆಂಟಿಬಯಾಟಿಕ್ ಶುರುವಾಯ್ತು ಅಂತ ಇನ್‌ಹೇಲರ್ ಬಿಡಬೇಡಿ. ಎಚ್ಚರ ಬೇಕಿರುವುದು ಮಾತ್ರೆಗಳ ಬಗ್ಗೆ

ಪೀಣ್ಯ: ಪೌಡರ್ ಕೋಟಿಂಗ್, ಪ್ಲೇಟಿಂಗ್ ಶೆಡ್‌ಗಳಲ್ಲಿ ದುಡಿಯುವವರಿಗೂ ರಸ್ತೆ ಬದಿಯ ಅಂಗಡಿಯವರಿಗೂ ಇಲ್ಲಿ ಹೊಗೆ, ಧೂಳು ತಪ್ಪಿದ್ದಲ್ಲ. ಆಸ್ತಮಾ ಇದ್ದವರಿಗೆ ಇದರ ಮೇಲೆ ಶೀತ, ಕಫ ಸೇರಿದರೆ ಉಸಿರಾಟ ಇನ್ನೂ ಕಷ್ಟ. ಆಗ ಡಾಕ್ಟರು ಆಂಟಿಬಯಾಟಿಕ್ ಬರೆದುಕೊಟ್ಟರೆ, ‘ಎರಡೂ ಸೇರಿದ್ರೆ ಹೀಟ್ ಆಗುತ್ತೆ’ ಅಂತ ಇನ್‌ಹೇಲರ್ ಪಕ್ಕಕ್ಕಿಡುವವರಿದ್ದಾರೆ. ಇದು ಅಪಾಯಕಾರಿ.

ಆಂಟಿಬಯಾಟಿಕ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಅಷ್ಟೇ. ಬಿಗಿದುಕೊಂಡ ಶ್ವಾಸನಾಳ ಸಡಿಲಿಸುವುದು ಇನ್‌ಹೇಲರ್ ಕೆಲಸ. ಅಮಾಕ್ಸಿಸಿಲಿನ್ ಜೊತೆ ಅಸ್ತಾಲಿನ್ ಇನ್‌ಹೇಲರ್ ಬಳಸಲು ಅಡ್ಡಿಯಿಲ್ಲ. ಅಂದ ಹಾಗೆ, ಶೀತದಿಂದ ಹೆಚ್ಚುವ ಆಸ್ತಮಾಕ್ಕೆ ಬಹುಪಾಲು ವೈರಸ್ಸೇ ಕಾರಣ. ಅದಕ್ಕೆ ಆಂಟಿಬಯಾಟಿಕ್ ಏನೂ ಮಾಡಲ್ಲ. ಹಾಗಾಗಿ ಡಾಕ್ಟರ್ ಚೀಟಿ ಇಲ್ಲದೆ ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ ತೆಗೆದುಕೊಳ್ಳುವುದು ಬೇಡ.

ನಿಜವಾದ ತಕರಾರು ಇರುವುದು ಉಬ್ಬಸಕ್ಕೆ ನುಂಗುವ ಥಿಯೋಫಿಲಿನ್ ಮಾತ್ರೆಯಲ್ಲಿ. ಡೆರಿಫಿಲಿನ್‌ನಲ್ಲೂ ಇದೇ ಇದೆ. ಸಿಪ್ರೊಫ್ಲಾಕ್ಸಸಿನ್, ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್ ಜೊತೆ ತೆಗೆದುಕೊಂಡರೆ ಲಿವರ್ ಅದನ್ನು ಬೇಗ ಕರಗಿಸಲಾರದು. ರಕ್ತದಲ್ಲಿ ಔಷಧ ಏರಿ ವಾಂತಿ, ಕೈ ನಡುಕ, ಎದೆ ಡವಡವ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಎಷ್ಟೋ ವರ್ಷದಿಂದ ನುಂಗುತ್ತಿರುವ ಮಾತ್ರೆಯೆಂದು ಹೇಳಲು ಮರೆಯುವವರೇ ಹೆಚ್ಚು. ಹಳೆಯ ಪಟ್ಟಿಯನ್ನೂ ಡಾಕ್ಟರಿಗೆ ತೋರಿಸಿ. ಹಾರ್ಟ್ ಬಡಿತದ ತೊಂದರೆ ಇದ್ದವರು ಅಜಿತ್ರೊಮೈಸಿನ್ ಶುರು ಮಾಡುವ ಮುಂಚೆ ಅದನ್ನೂ ಹೇಳಬೇಕು. ಸಾಲ್ಮೆಟರಾಲ್ ಇರುವ ಇನ್‌ಹೇಲರ್ ಬಳಸುವವರಿಗೆ ಕ್ಲಾರಿಥ್ರೊಮೈಸಿನ್ ಸರಿಹೋಗದು, ಬೇರೆ ಆಂಟಿಬಯಾಟಿಕ್ ಕೇಳಿ.

ಸ್ಟೀರಾಯ್ಡ್ ಇನ್‌ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ. ಆಂಟಿಬಯಾಟಿಕ್ ನಡೆಯುವಾಗಲಂತೂ ಬಾಯಲ್ಲಿ ಬಿಳಿ ಫಂಗಸ್ ಹಿಡಿಯುವ ಸಾಧ್ಯತೆ ಹೆಚ್ಚು. ಇನ್ನೊಂದು ವಿಷಯ: ರೋಟಾಹೇಲರ್‌ಗೆ ಹಾಕುವ ಕ್ಯಾಪ್ಸೂಲ್ ನೋಡಲು ನುಂಗುವ ಕ್ಯಾಪ್ಸೂಲ್ ಥರಾನೇ ಇರುತ್ತೆ. ಎರಡನ್ನೂ ಒಂದೇ ಕವರ್‌ನಲ್ಲಿ ಕೊಡುವ ಅಂಗಡಿಯವರು ‘ಇದು ಎಳೆಯೋದು, ಅದು ನುಂಗೋದು’ ಅಂತ ಬರೆದುಕೊಟ್ಟರೆ, ವಯಸ್ಸಾದವರಿಗೆ ದೊಡ್ಡ ಉಪಕಾರ.

ಇನ್‌ಹೇಲರ್ ಎಳೆದರೂ ಆರಾಮ 4 ಗಂಟೆ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಪೂರ್ತಿ ವಾಕ್ಯ ಮಾತಾಡಲಾಗದಿದ್ದರೆ, ತುಟಿ ನೀಲಿಯಾದರೆ ಆಂಟಿಬಯಾಟಿಕ್ ಕೆಲಸ ಮಾಡಲಿ ಅಂತ ಕಾಯದೆ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೂ ಅಸ್ತಾಲಿನ್ ಎಳೆಯುತ್ತಿರಿ.