‘ಬೇಡ’ ಎನ್ನುವುದಕ್ಕೂ ಒಂದು ಮರ್ಯಾದೆ

ಟ್ಯಾಂಗೋ ಎಂದೊಡನೆ ನಮ್ಮಲ್ಲಿ ಬಹುಪಾಲು ಜನರ ಕಣ್ಣಮುಂದೆ ಬರುವುದು ಸಿನಿಮಾದ ದೃಶ್ಯ: ಬಾಯಲ್ಲಿ ಗುಲಾಬಿ ಕಚ್ಚಿದ ಗಂಡು, ಅವನ ತೋಳಿನಲ್ಲಿ ಬಿಲ್ಲಿನಂತೆ ಬಾಗಿದ ಹೆಣ್ಣು, ಸುತ್ತಲೂ ಚಪ್ಪಾಳೆ. ಅದು ನೋಡುಗರಿಗಾಗಿ ಆಡುವ ಟ್ಯಾಂಗೋ. ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ ಸಾಮಾನ್ಯ ನಾಗರಿಕರು ಸಂಜೆ ಒಂದೆಡೆ ಸೇರಿ ತಮಗಾಗಿಯೇ ಆಡಿಕೊಳ್ಳುವ ಟ್ಯಾಂಗೋ ಬೇರೆ. ಮೇಳದ ಯಕ್ಷಗಾನಕ್ಕೂ ಮನೆಯಂಗಳದ ಕೋಲಾಟಕ್ಕೂ ಇರುವಷ್ಟು ಅಂತರ ಅವೆರಡರ ನಡುವೆ ಇದೆ. ಈ ಕೂಟಕ್ಕೆ ಅಲ್ಲಿನವರು ‘ಮಿಲೋಂಗಾ’ ಎನ್ನುತ್ತಾರೆ. ವೃದ್ಧರೂ ತರುಣರೂ, ಸ್ಥಿತಿವಂತರೂ ಸಂಬಳದವರೂ ಅಲ್ಲಿ ಒಂದೇ ನೆಲದ ಮೇಲೆ ಹೆಜ್ಜೆ ಹಾಕುತ್ತಾರೆ.

ಬೆಂಗಳೂರಿನಲ್ಲಿಯೂ ಈಗ ಟ್ಯಾಂಗೋ ಕಲಿಯುವವರ ಸಣ್ಣ ಬಳಗಗಳಿವೆ. ಉದ್ಯೋಗಕ್ಕೆಂದು ಮಲೆನಾಡಿನಿಂದ ಬಂದ ನಮ್ಮ ಮಕ್ಕಳೂ ಅಂಥ ತರಗತಿಗಳಿಗೆ ಹೋಗುವುದುಂಟು. ಶೃಂಗೇರಿ ತಾಲ್ಲೂಕಿನ ನಮ್ಮ ಬೇಗಾರಿನ ಹಿರಿಯರೊಬ್ಬರು, ಮೊಮ್ಮಗಳ ಈ ಹೊಸ ಹವ್ಯಾಸದ ಸುದ್ದಿ ಕೇಳಿ, “ಗುರುತು ಪರಿಚಯ ಇಲ್ಲದವರ ಕೈ ಹಿಡಿದು ಕುಣಿಯೋದು ಅಂದ್ರೆ ಅದಕ್ಕೊಂದು ರೀತಿ ರಿವಾಜು ಬೇಡವೇನಯ್ಯಾ?” ಎಂದು ನನ್ನನ್ನು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಉತ್ತರ ಮಾತ್ರ ಅವರು ಊಹಿಸಿದಂತಿಲ್ಲ. ಟ್ಯಾಂಗೋ ಕೂಟ ನಿಂತಿರುವುದೇ ರೀತಿ ರಿವಾಜಿನ ಮೇಲೆ.

ಇದರ ಕಾರಣ ಚರಿತ್ರೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಲಾ ಪ್ಲಾಟಾ ನದೀಮುಖದ ಎರಡು ದಡಗಳ ಬಂದರು ನಗರಗಳಾದ ಬ್ಯೂನಸ್ ಐರಿಸ್ ಮತ್ತು ಮಾಂಟೆವಿಡಿಯೊಗಳಲ್ಲಿ ಟ್ಯಾಂಗೋ ರೂಪುಗೊಂಡಿತು. ಆಫ್ರಿಕಾ ಮೂಲದವರ ತಾಳ, ಇಟಲಿ ಮತ್ತು ಸ್ಪೇನಿನಿಂದ ಬಂದವರ ರಾಗ, ಸ್ಥಳೀಯರ ಹಾಡು ಇವೆಲ್ಲ ಅದರಲ್ಲಿ ಬೆರೆತವು. 1914ರ ಜನಗಣತಿಯ ವೇಳೆಗೆ ಬ್ಯೂನಸ್ ಐರಿಸ್‌ನ ಸುಮಾರು 15 ಲಕ್ಷ ನಿವಾಸಿಗಳಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ವಿದೇಶದಲ್ಲಿ ಹುಟ್ಟಿದವರಾಗಿದ್ದರು. ವಲಸಿಗರಲ್ಲಿ ಗಂಡಸರೇ ಹೆಚ್ಚು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದ, ಒಬ್ಬರ ಮನೆತನ ಇನ್ನೊಬ್ಬರಿಗೆ ಗೊತ್ತಿಲ್ಲದ ನಗರದಲ್ಲಿ ಅಪರಿಚಿತರು ಪರಸ್ಪರ ನಂಬಿ ಹತ್ತಿರ ಬರಬೇಕಾದರೆ, ಎಲ್ಲರೂ ಒಪ್ಪಿದ ಕೆಲವು ಕಟ್ಟಳೆಗಳು ಬೇಕಾಗುತ್ತವೆ. 1935ರಿಂದ 1955ರವರೆಗಿನ ಸುವರ್ಣಯುಗದಲ್ಲಿ, ದಾರಿಯೆನ್ಸೊ, ದಿ ಸಾರ್ಲಿ, ತ್ರೊಯ್ಲೊ, ಪುಗ್ಲಿಯೇಸೆ ಮುಂತಾದವರ ವಾದ್ಯಮೇಳಗಳಿಗೆ ನಗರವೇ ಹೆಜ್ಜೆ ಹಾಕುತ್ತಿದ್ದಾಗ, ಈ ಕಟ್ಟಳೆಗಳೂ ಗಟ್ಟಿಗೊಂಡವು. ಅರ್ಜೆಂಟೀನಾ ಮತ್ತು ಉರುಗ್ವೆ ಜಂಟಿಯಾಗಿ ಸಲ್ಲಿಸಿದ ಮನವಿಯ ಮೇರೆಗೆ ಯುನೆಸ್ಕೊ 2009ರಲ್ಲಿ ಟ್ಯಾಂಗೋವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಟ್ಟಳೆಗಳಲ್ಲಿ ಮೊದಲನೆಯದು ಆಹ್ವಾನದ ಕ್ರಮ. ಸಾಂಪ್ರದಾಯಿಕ ಮಿಲೋಂಗಾದಲ್ಲಿ ಯಾರೂ ಇನ್ನೊಬ್ಬರ ಕುರ್ಚಿಯ ಬಳಿಗೆ ಹೋಗಿ ಕೈಚಾಚಿ ಕರೆಯುವುದಿಲ್ಲ. ಕುಳಿತಲ್ಲಿಂದಲೇ ನೋಡಬೇಕು. ಆ ನೋಟಕ್ಕೆ ‘ಮಿರಾದಾ’ ಎಂದು ಹೆಸರು. ಎದುರಿನವರು ನೋಟ ಕೂಡಿಸಿದರೆ ತಲೆಯನ್ನು ಕೊಂಚ ಆಡಿಸಬೇಕು. ಅದು ‘ಕಾಬೆಸೆಯೊ’. ಅವರೂ ತಲೆಯಾಡಿಸಿದರೆ ಒಪ್ಪಿಗೆ. ಬೇಡವೆಂದಾದರೆ ನೋಟವನ್ನು ಬೇರೆಡೆಗೆ ಹೊರಳಿಸಿದರೆ ಸಾಕು. ಕೇಳಿದ್ದೂ ಯಾರಿಗೂ ತಿಳಿಯಲಿಲ್ಲ, ಒಲ್ಲೆನೆಂದದ್ದೂ ಯಾರಿಗೂ ತಿಳಿಯಲಿಲ್ಲ.

ಒಮ್ಮೆ ಜೊತೆಗೂಡಿದವರು ಒಂದು ‘ತಾಂದಾ’ ಮುಗಿಯುವವರೆಗೆ, ಅಂದರೆ ಮೂರು ನಾಲ್ಕು ಹಾಡುಗಳ ಕಾಲ, ಒಟ್ಟಿಗೆ ನರ್ತಿಸುತ್ತಾರೆ. ಹೆಚ್ಚೆಂದರೆ ಹನ್ನೆರಡು ಹದಿಮೂರು ನಿಮಿಷ. ಬಳಿಕ ಕುಣಿಯಲು ಬಾರದ ಬೇರೆ ಬಗೆಯ ಸಂಗೀತ ಅರ್ಧ ನಿಮಿಷ ಕೇಳಿಬರುತ್ತದೆ. ಅದು ‘ಕೊರ್ತಿನಾ’, ಎಂದರೆ ಪರದೆ. ಎಲ್ಲರೂ ನೆಲ ತೆರವು ಮಾಡುತ್ತಾರೆ, ಗಂಡು ಜೊತೆಗಾತಿಯನ್ನು ಅವಳ ಆಸನದವರೆಗೆ ಬಿಟ್ಟುಬರುತ್ತಾನೆ. ಬಿಡಿಸಿಕೊಳ್ಳಲು ನೆಪ ಹುಡುಕಬೇಕಾಗಿಲ್ಲ. ಸಂಗೀತವೇ ಬಿಡಿಸುತ್ತದೆ. ಹೊಸಬರು ಎಡವುವುದು ಒಂದು ಮಾತಿನಲ್ಲಿ: ತಾಂದಾದ ನಡುವೆ ‘ಧನ್ಯವಾದ’ ಎಂದರೆ ‘ಇನ್ನು ಸಾಕು’ ಎಂದೇ ಅರ್ಥ. ಸೌಜನ್ಯಕ್ಕೆಂದು ಮೊದಲ ಹಾಡಿನ ಕೊನೆಗೇ ಹಾಗೆಂದರೆ ಜೊತೆಗಾರರನ್ನು ಅರ್ಧದಲ್ಲಿ ಬಿಟ್ಟಂತಾಗುತ್ತದೆ.

ನೆಲದ ಮೇಲೆ ಎಲ್ಲ ಜೋಡಿಗಳೂ ಅಪ್ರದಕ್ಷಿಣವಾಗಿ ಸಾಗುತ್ತವೆ. ದಿಕ್ಕು ನಮ್ಮ ದೇವಸ್ಥಾನದ ಪ್ರದಕ್ಷಿಣೆಗೆ ವಿರುದ್ಧ, ಶಿಸ್ತು ಮಾತ್ರ ಅದೇ. ಮುಂದಿನವರನ್ನು ತಳ್ಳಿ ದಾಟುವಂತಿಲ್ಲ, ಹಿಂದೆ ಸರಿದು ಕಾಲು ತುಳಿಯುವಂತಿಲ್ಲ. ನಡುವೆ ಸೇರಿಕೊಳ್ಳುವವನು ಬರುತ್ತಿರುವ ಜೋಡಿಯ ಒಪ್ಪಿಗೆಯನ್ನು ಕಣ್ಣಿನಲ್ಲೇ ಪಡೆಯಬೇಕು. ಜೊತೆಗಾರರ ತಪ್ಪನ್ನು ಅಲ್ಲಿಯೇ ತಿದ್ದುವುದು ದೊಡ್ಡ ಅವಿನಯ. ಕಲಿಕೆಗೆ ‘ಪ್ರಾಕ್ಟಿಕಾ’ ಎಂಬ ಬೇರೆ ಕೂಟವೇ ಇದೆ. ಶುಚಿಯಾದ ಉಡುಪು ಮತ್ತು ಬೆವರಿನ ಬಗ್ಗೆ ಎಚ್ಚರವೂ ಈ ಪಟ್ಟಿಯಲ್ಲಿ ಸೇರಿವೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನೋಡಿದಾಗ ನನಗೆ ಈ ವ್ಯವಸ್ಥೆಯಲ್ಲಿ ಕಾಣುವ ಜಾಣ್ಮೆ ಒಂದೇ: ಅದು ನಿರಾಕರಣೆಯ ಬೆಲೆಯನ್ನು ಎರಡೂ ಕಡೆಗೆ ತೀರ ಇಳಿಸುತ್ತದೆ. ದುಡ್ಡಿನಿಂದ ನಿರ್ಧರಿಸಲಾಗದ ಜೋಡಣೆಗಳು ಜಗತ್ತಿನಲ್ಲಿ ಹಲವಿವೆ. ವಿದ್ಯಾರ್ಥಿಗೆ ಕಾಲೇಜು, ರೋಗಿಗೆ ಮೂತ್ರಪಿಂಡ, ಹೆಣ್ಣಿಗೆ ಗಂಡು. ಇಂಥ ಜೋಡಣೆಗಳ ಅಧ್ಯಯನಕ್ಕಾಗಿಯೇ ಆಲ್ವಿನ್ ರಾತ್ ಮತ್ತು ಲಾಯ್ಡ್ ಶಾಪ್ಲಿ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿತು. ‘ಇಲ್ಲ’ ಎನ್ನುವುದು ದುಬಾರಿಯಾದರೆ ಜನ ಮನಸ್ಸಿಲ್ಲದೆ ‘ಹೂಂ’ ಎನ್ನುತ್ತಾರೆ. ‘ಇಲ್ಲ’ ಎನ್ನಿಸಿಕೊಳ್ಳುವುದು ದುಬಾರಿಯಾದರೆ ಕೇಳುವವನು ಮುಖಭಂಗದ ಸಿಟ್ಟಿಗೆ ಬೀಳುತ್ತಾನೆ. ಕಣ್ಣಿನ ಭಾಷೆ ಈ ಎರಡೂ ನಷ್ಟವನ್ನು ತಪ್ಪಿಸುತ್ತದೆ.

ಈ ವಿವೇಕ ನಮಗೇನೂ ಹೊಸದಲ್ಲ. ಮಲೆನಾಡಿನಲ್ಲಿ ಸಂಬಂಧ ಒಪ್ಪಿಗೆಯಾಗದಾಗ ‘ಜಾತಕ ಕೂಡಿಬರಲಿಲ್ಲ’ ಎಂದು ಹೇಳಿಕಳುಹಿಸುತ್ತಿದ್ದರು. ಜಾತಕ ಕೂಡಿತ್ತೋ ಇಲ್ಲವೋ, ಎರಡು ಮನೆಗಳ ಮಾನ ಉಳಿಯುತ್ತಿತ್ತು. ದೀಪಾವಳಿಯ ಇರುಳಿನಲ್ಲಿ ಆರದ ದೀಪ ಹಿಡಿದು ಮನೆಮನೆಗೆ ಬರುವ ಅಂಟಿಗೆ ಪಂಟಿಗೆಯವರೂ ನೇರವಾಗಿ ಒಳನುಗ್ಗುವುದಿಲ್ಲ. ಮುಚ್ಚಿದ ಬಾಗಿಲ ಮುಂದೆ ನಿಂತು ಹಾಡುತ್ತಾರೆ, ಮನೆಯವರು ಬಾಗಿಲು ತೆರೆದ ಮೇಲೆಯೇ ಜ್ಯೋತಿ ಒಳಗೆ ಬರುತ್ತದೆ. ಆದರೆ ಆ ಸಂಬಂಧದ ಮಾತಿನಲ್ಲಿ ಒಲ್ಲೆನೆನ್ನುವ ಅಧಿಕಾರವಿದ್ದುದು ಹಿರಿಯರಿಗೆ, ಹುಡುಗಿಗಲ್ಲ. ಮಿಲೋಂಗಾದಲ್ಲಿ ಕಣ್ಣು ಹೊರಳಿಸುವವಳು ಅವಳೇ. ಬೇಗಾರಿನ ಹಿರಿಯರಿಗೆ ನಾನು ಹೇಳಿದ್ದೂ ಇದನ್ನೇ.

ಹಾಗೆಂದು ಈ ಕಟ್ಟಳೆಗಳು ದೋಷರಹಿತವಲ್ಲ. ಯಾರ ನೋಟವೂ ತಾಗದೆ ಇಡೀ ಸಂಜೆ ಕುರ್ಚಿಯಲ್ಲೇ ಕಳೆಯುವವರು ಇರುತ್ತಾರೆ. ವಯಸ್ಸಾದವರಿಗೆ, ಹೊಸಬರಿಗೆ ಈ ಮೌನ ಕಠೋರವಾಗಬಲ್ಲದು. ಗಂಡೇ ನಡೆಸಬೇಕು, ಹೆಣ್ಣು ಹಿಂಬಾಲಿಸಬೇಕು ಎಂಬ ಹಳೆಯ ಹಂಚಿಕೆಯನ್ನು ಈಗ ಹಲವರು ಒಪ್ಪುವುದಿಲ್ಲ. ಹೆಂಗಸರು ನಡೆಸುವ, ಹೆಂಗಸರೇ ಮೊದಲು ನೋಟ ಬೀರುವ, ಗಂಡಸರಿಬ್ಬರು ಜೊತೆಯಾಗುವ ಕೂಟಗಳೂ ಇವೆ. ಗಂಡಸರು ಪರಸ್ಪರ ಅಭ್ಯಾಸ ಮಾಡುವುದಂತೂ ಟ್ಯಾಂಗೋದಷ್ಟೇ ಹಳೆಯದು. ಪಾತ್ರಗಳು ಬದಲಾದರೂ ಒಪ್ಪಿಗೆ ಕೇಳುವ ಕ್ರಮ ಬದಲಾಗಿಲ್ಲ ಎಂಬುದನ್ನು ಗಮನಿಸಬೇಕು.

ನಮ್ಮ ನಗರ ನೃತ್ಯವನ್ನು ಕಂಡದ್ದು ಹೆಚ್ಚಾಗಿ ಪರವಾನಗಿಯ ಕಣ್ಣಿನಿಂದ. ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊಥೆಕ್‌ಗಳನ್ನು ನಿಯಂತ್ರಿಸಲು ಬೆಂಗಳೂರಿನಲ್ಲಿ 2005ರಲ್ಲಿ ಹೊರಡಿಸಿದ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ವ್ಯಾಪಾರಿ ಸ್ಥಳಗಳಲ್ಲಿ ಸುರಕ್ಷತೆಗೂ ಶೋಷಣೆಯ ತಡೆಗೂ ಇಂಥ ನಿಯಂತ್ರಣ ಬೇಕೆಂಬುದರಲ್ಲಿ ಸರ್ಕಾರಿ ಸೇವೆಯಲ್ಲಿ ಬಾಳು ಸವೆಸಿದ ನನಗೆ ಅನುಮಾನವಿಲ್ಲ. ಆದರೆ ಆದೇಶಕ್ಕೊಂದು ಮಿತಿಯಿದೆ. ಬಾಗಿಲು ಎಷ್ಟು ಗಂಟೆಗೆ ಮುಚ್ಚಬೇಕೆಂದು ಅದು ಹೇಳಬಲ್ಲದು. ಬೇಡವೆಂದು ಮುಖ ತಿರುಗಿಸಿದವಳನ್ನು ಮತ್ತೆ ಪೀಡಿಸಬಾರದೆಂಬುದನ್ನು ರಕ್ತಗತ ಮಾಡಿಸಲು ಅದಕ್ಕೆ ಸಾಧ್ಯವಿಲ್ಲ. ಹೊಸ ವರ್ಷದ ರಾತ್ರಿ ಮಹಾತ್ಮ ಗಾಂಧಿ ರಸ್ತೆಯಲ್ಲಿ ಪೊಲೀಸರು ಸಾಲುಗಟ್ಟಿ ನಿಲ್ಲಬೇಕಾಗಿರುವುದು ಕಾನೂನಿನ ಕೊರತೆಯಿಂದಲ್ಲ, ಈ ಪಾಠದ ಕೊರತೆಯಿಂದ.

ಆದುದರಿಂದ ಟ್ಯಾಂಗೋ ಕಲಿಯಹೊರಟ ತರುಣ ತರುಣಿಯರಿಗೆ ಒಂದು ಮಾತು. ಮೊದಲ ಸಂಜೆ ಸುಮ್ಮನೆ ಕುಳಿತು ನೋಡಿ. ನೋಟ ತಪ್ಪಿಸಿದವರ ಕಡೆಗೆ ಮತ್ತೆ ಮತ್ತೆ ನೋಡಬೇಡಿ. ಮನಸ್ಸಿಲ್ಲದಿದ್ದರೆ ಕಣ್ಣು ಹೊರಳಿಸಲು ಸಂಕೋಚಪಡಬೇಡಿ. ಕರೆಯದೆ ಉಳಿದ ಹೊಸಬರನ್ನು ಕಂಡರೆ ಒಂದು ತಾಂದಾ ಅವರಿಗಾಗಿ ಮೀಸಲಿಡಿ. ಹೆಜ್ಜೆಗಳನ್ನು ಯಾರಾದರೂ ಕಲಿಸಿಯಾರು. ಒಲ್ಲೆನೆಂದವರ ಮೇಲೆ ಮುನಿಸಿಕೊಳ್ಳದೆ, ನಗುನಗುತ್ತಲೇ ಮುಂದಿನ ಹಾಡಿಗೆ ಕಾಯುವುದನ್ನು ಮಾತ್ರ ನಾವೇ ಕಲಿಯಬೇಕು.