ಜೋಧಪುರದಿಂದ ತನೋಟ್‌ಗೆ: ಬೇಸಿಗೆಯ ಥಾರ್‌ನಲ್ಲಿ ಒಂದು ಬೈಕ್ ಹಾದಿ

ರಾಜಸ್ಥಾನದ ಜೋಧಪುರದಿಂದ ಹೊರಟು ಪೋಖರಣ್, ಜೈಸಲ್ಮೇರ್, ರಾಮಗಢಗಳನ್ನು ಹಾದು ಪಾಕಿಸ್ತಾನದ ಗಡಿಯ ಸಮೀಪದ ತನೋಟ್ ಎಂಬ ಪುಟ್ಟ ನೆಲೆಯನ್ನು ಮುಟ್ಟುವ ಸುಮಾರು 400 ಕಿ.ಮೀ. ರಸ್ತೆಯು ದೂರಪ್ರಯಾಣದ ಬೈಕ್ ಸವಾರರು ಬಹುವಾಗಿ ಬಯಸುವ ದಾರಿಗಳಲ್ಲಿ ಒಂದು. ಪ್ರವಾಸಿಗರ ದಟ್ಟಣೆ ಇಲ್ಲಿ ಚಳಿಗಾಲದಲ್ಲೇ ಹೆಚ್ಚು. ಆದರೆ ನಮ್ಮಲ್ಲಿ ದೊಡ್ಡ ರಜೆ ಸಿಗುವುದು ಏಪ್ರಿಲ್-ಮೇ ತಿಂಗಳುಗಳಲ್ಲಾದ್ದರಿಂದ, ಬೆಂಗಳೂರಿನಿಂದ ಸುಮಾರು 2,000 ಕಿ.ಮೀ. ಓಡಿಸಿಕೊಂಡು ಬರುವ ಸವಾರರಿಗೆ ಥಾರ್ ಮರುಭೂಮಿ ತನ್ನ ಉಗ್ರರೂಪದಲ್ಲೇ ಎದುರಾಗುತ್ತದೆ. ಅದು ನಷ್ಟವೇನೂ ಅಲ್ಲ. ನೀರನ್ನೂ ನೆರಳನ್ನೂ ಈ ನೆಲದ ಜನ ಶತಮಾನಗಳಿಂದ ಹೇಗೆ ಹೊಂಚಿಕೊಂಡು ಬಂದಿದ್ದಾರೆ ಎಂಬುದು ಕಣ್ಣಿಗೆ ನಿಚ್ಚಳವಾಗಿ ಕಾಣುವುದು ಬೇಸಿಗೆಯಲ್ಲಿ ಮಾತ್ರ, ಮತ್ತು ಆ ವ್ಯವಸ್ಥೆಯನ್ನು ಗೌರವಿಸಿ ಅದರಂತೆ ನಡೆದುಕೊಳ್ಳುವ ಸವಾರನಿಗೆ ಮಾತ್ರ ಈ ದಾರಿ ಸುರಕ್ಷಿತ.

ಸುಮಾರು ಎರಡು ಲಕ್ಷ ಚದರ ಕಿ.ಮೀ. ವಿಸ್ತೀರ್ಣದ ಥಾರ್‌ನ ಬಹುಭಾಗ ಭಾರತದಲ್ಲಿದ್ದು, ಉಳಿದದ್ದು ಪಾಕಿಸ್ತಾನದ ಸಿಂಧ್ ಮತ್ತು ಪಂಜಾಬ್ ಪ್ರಾಂತಗಳಿಗೆ ಚಾಚಿಕೊಂಡಿದೆ. ಈ ದಾರಿಯ ಉತ್ತರಕ್ಕಿರುವ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ಸೆಲ್ಸಿಯಸ್ ತಾಪಮಾನ ದಾಖಲಾಗಿತ್ತು. ಮೇ-ಜೂನ್‌ನಲ್ಲಿ ಹಗಲಿಡೀ ಬೀಸುವ ಒಣ ಬಿಸಿಗಾಳಿಯನ್ನು ಇಲ್ಲಿನವರು ಲೂ ಎನ್ನುತ್ತಾರೆ. ಸಂಜೆಯ ವೇಳೆಗೆ ದಿಗಂತದಲ್ಲಿ ಕಂದು ಗೋಡೆಯಂತೆ ಎದ್ದು ಬರುವ ಧೂಳಿನ ಬಿರುಗಾಳಿಗೆ ಆಂಧಿ ಎಂದು ಹೆಸರು.

ಬೈಕ್ ಸವಾರನಿಗೆ ಲೂ ಒಡ್ಡುವ ಅಪಾಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕರಾವಳಿ ಅಥವಾ ಬಯಲುಸೀಮೆಯ ಅನುಭವ ಇಲ್ಲಿ ದಾರಿ ತಪ್ಪಿಸುತ್ತದೆ. ಮನುಷ್ಯನ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿಯಷ್ಟಿದ್ದು, ಗಾಳಿ ಅದಕ್ಕಿಂತ ತಂಪಾಗಿರುವವರೆಗೆ ವೇಗವಾಗಿ ಓಡಿಸಿದಷ್ಟೂ ಹಿತವೆನಿಸುತ್ತದೆ. ಆದರೆ ಗಾಳಿಯೇ 45 ಡಿಗ್ರಿಗೇರಿದಾಗ ವೇಗ ಹೆಚ್ಚಿದಂತೆಲ್ಲ ಮೈಗೆ ನುಗ್ಗುವ ಶಾಖವೂ ಹೆಚ್ಚುತ್ತದೆ. ಆಗ ದೇಹಕ್ಕೆ ಉಳಿಯುವ ಏಕೈಕ ಉಪಾಯ ಬೆವರು ಆವಿಯಾಗುವುದು, ಮತ್ತು ಒಣ ಗಾಳಿಯಲ್ಲಿ ಅದು ಎಷ್ಟು ಬೇಗ ಆರಿಹೋಗುತ್ತದೆಂದರೆ ತಾನು ಬೆವರುತ್ತಿದ್ದೇನೆಂಬುದೇ ಸವಾರನ ಅರಿವಿಗೆ ಬರುವುದಿಲ್ಲ. ಅಂಗಿಯ ಮೇಲೆ ಮೂಡಿದ ಉಪ್ಪಿನ ಬಿಳಿ ಗೆರೆಗಳಷ್ಟೇ ಅದಕ್ಕೆ ಸಾಕ್ಷಿ. ಆದ್ದರಿಂದಲೇ ಸೆಕೆಯೆಂದು ಜಾಕೆಟ್ ಬಿಚ್ಚಿ ಮೈ ತೆರೆದುಕೊಳ್ಳುವುದು ಇಲ್ಲಿ ತಪ್ಪು ನಿರ್ಧಾರ. ಮೈತುಂಬ ಬಟ್ಟೆ ತೊಟ್ಟು ತಲೆ-ಮುಖಗಳನ್ನು ಸುತ್ತಿಕೊಳ್ಳುವ ಸ್ಥಳೀಯ ಕುರಿಗಾಹಿಯ ಉಡುಪೇ ಸರಿಯಾದ ಪಾಠ. ಒದ್ದೆ ಬನಿಯನ್ನಿನ ಮೇಲೆ ಜಾಕೆಟ್ ಹಾಕಿಕೊಳ್ಳುವುದು, ಬರೀ ನೀರಿನ ಬದಲು ಉಪ್ಪು-ಸಕ್ಕರೆಯ ಓಆರ್‌ಎಸ್ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಯುವುದು, ತಲೆಸುತ್ತು ಅಥವಾ ಗಲಿಬಿಲಿ ಕಾಣಿಸಿಕೊಂಡ ಕೂಡಲೇ ನೆರಳಿಗೆ ಸರಿಯುವುದು ಇವೆಲ್ಲ ಜೀವ ಉಳಿಸುವ ಕ್ರಮಗಳು. ಯಂತ್ರಕ್ಕೂ ತನ್ನದೇ ನಿಯಮಗಳಿವೆ: ಟೈರಿನ ಗಾಳಿಯನ್ನು ಬೆಳಗ್ಗೆ ತಣ್ಣಗಿರುವಾಗ ಪರೀಕ್ಷಿಸಬೇಕೇ ಹೊರತು ಬಿಸಿಲಲ್ಲಿ ಉಬ್ಬಿದೆಯೆಂದು ಇಳಿಸಬಾರದು, ಮತ್ತು ಆಂಧಿಯಲ್ಲಿ ಸಿಕ್ಕಿಕೊಂಡ ಮರುದಿನ ಏರ್ ಫಿಲ್ಟರ್ ಬಿಚ್ಚಿ ನೋಡದೆ ಮುಂದುವರಿಯಬಾರದು.

ಜೋಧಪುರದ ಆಗ್ನೇಯಕ್ಕೆ ಸುಮಾರು 25 ಕಿ.ಮೀ. ದೂರದ ಖೇಜಡ್ಲಿ ಗ್ರಾಮವು ಈ ದಾರಿಯ ಮೇಲಿಲ್ಲವಾದರೂ ದಾರಿಯನ್ನು ಅರ್ಥಮಾಡಿಕೊಳ್ಳಲು ಅಲ್ಲಿಂದಲೇ ಆರಂಭಿಸುವುದು ಒಳಿತು. 1730ರಲ್ಲಿ ಅರಮನೆಗೆ ಬೇಕಾದ ಸೌದೆಗಾಗಿ ಮರ ಕಡಿಯಲು ಬಂದವರನ್ನು ತಡೆದು, ಅಮೃತಾ ದೇವಿಯೂ ಸೇರಿದಂತೆ ಬಿಷ್ಣೋಯಿ ಸಮುದಾಯದ 363 ಮಂದಿ ಪ್ರಾಣ ಕೊಟ್ಟರೆಂದು ಹೇಳಲಾಗುವ ಊರು ಅದು. ಅವರು ತಬ್ಬಿಕೊಂಡ ಖೇಜಡಿ ಮರವು ಕನ್ನಡಿಗರು ವಿಜಯದಶಮಿಯಂದು ಪೂಜಿಸಿ ಎಲೆ ಹಂಚಿಕೊಳ್ಳುವ ಬನ್ನಿಯೇ. ಮಿಕ್ಕೆಲ್ಲ ಗಿಡಗಳು ಸೊರಗುವ ಬೇಸಿಗೆಯಲ್ಲೂ ಬೇರನ್ನು ಬಹು ಆಳಕ್ಕಿಳಿಸಿ ಹಸಿರಾಗಿ ನಿಲ್ಲುವ ಈ ಮರದ ಎಳೆಗಾಯಿಯೇ ಸಾಂಗ್ರಿ. ಅದನ್ನು ಒಣಗಿಸಿಟ್ಟು ಕೇರ್ ಎಂಬ ಮುಳ್ಳುಪೊದೆಯ ಕಾಯಿಯೊಂದಿಗೆ ಬೇಯಿಸಿದ ಪಲ್ಯವನ್ನು ಸಜ್ಜೆ ರೊಟ್ಟಿ ಮತ್ತು ಮಜ್ಜಿಗೆಯೊಂದಿಗೆ ರಸ್ತೆಬದಿಯ ಢಾಬಾಗಳಲ್ಲಿ ಬಡಿಸುತ್ತಾರೆ.

ಇದೇ ಮರದ ಬುಡದಲ್ಲಿ ಪಿಯಾವುಗಳೂ ಇರುತ್ತವೆ. ಪಿಯಾವು ಎಂದರೆ ಬೇಸಿಗೆಯಲ್ಲಿ ದಾರಿಹೋಕರಿಗೆ ಧರ್ಮಾರ್ಥವಾಗಿ ನೀರು ಕೊಡುವ, ನಮ್ಮ ಕಡೆ ಈಗ ವಿರಳವಾಗಿರುವ ಅರವಟ್ಟಿಗೆಯಂಥ ಏರ್ಪಾಡು. ಹುಲ್ಲಿನ ಮರೆಯ ಕೆಳಗೆ ಮರಳಿನಲ್ಲಿ ಅರ್ಧ ಹೂತಿಟ್ಟ ಮಣ್ಣಿನ ಮಡಕೆಗಳು, ಅವುಗಳ ಕೊರಳಿಗೆ ಸುತ್ತಿದ ಒದ್ದೆ ಗೋಣಿ, ಎಂಜಲಾಗದಂತೆ ಎತ್ತರದಿಂದ ಬೊಗಸೆಗೆ ಸುರಿಯಲು ಉದ್ದ ಹಿಡಿಯ ಸೌಟು ಇಷ್ಟೇ ಅದರ ಸಲಕರಣೆ. ಫ್ರಿಜ್ಜಿನ ನೀರಿಗಿಂತ ಈ ನೀರು ಬಳಲಿದ ದೇಹಕ್ಕೆ ಹೆಚ್ಚು ಒಗ್ಗುತ್ತದೆ.

ಜೋಧಪುರದಿಂದ ಸುಮಾರು 170 ಕಿ.ಮೀ. ದೂರದ ಪೋಖರಣ್‌ನ ಹೆಸರು ಕೇಳದವರಿಲ್ಲ. 1974ರ ಮೇ 18ರಂದು ಮತ್ತು 1998ರ ಮೇ 11 ಹಾಗೂ 13ರಂದು, ಅಂದರೆ ಎರಡು ಬಾರಿಯೂ ನಡುಬೇಸಿಗೆಯಲ್ಲೇ, ಭಾರತ ಇಲ್ಲಿನ ನೆಲದಾಳದಲ್ಲಿ ಅಣುಪರೀಕ್ಷೆ ನಡೆಸಿತು. ಮೊದಲ ಪರೀಕ್ಷೆಯ ತಂಡವನ್ನು ಮುನ್ನಡೆಸಿದ ವಿಜ್ಞಾನಿ ರಾಜಾ ರಾಮಣ್ಣ ತುಮಕೂರಿನಲ್ಲಿ ಹುಟ್ಟಿದವರು. ಪರೀಕ್ಷಾ ವಲಯಕ್ಕೆ ಸಾರ್ವಜನಿಕರಿಗೆ ಪ್ರವೇಶವಿಲ್ಲ.

1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಕೋಟೆಯ ಸುತ್ತ ಬೆಳೆದ ಜೈಸಲ್ಮೇರ್‌ನ ವೈಭವವನ್ನು ಬಣ್ಣಿಸುವ ಬರಹಗಳು ಬೇಕಾದಷ್ಟಿವೆ. ಬೇಸಿಗೆಯ ಸವಾರನ ಗಮನಕ್ಕೆ ಬರಬೇಕಾದದ್ದು ಬೇರೆ. ಒಂದಕ್ಕೊಂದು ನೆರಳು ನೀಡುವ ಇಕ್ಕಟ್ಟಾದ ಓಣಿಗಳು, ಬಿಸಿಲನ್ನು ಚೂರಾಗಿಸಿ ಗಾಳಿಯನ್ನಷ್ಟೇ ಒಳಬಿಡುವ ಜಾಲಂಧ್ರಗಳು, ದಪ್ಪ ಹಳದಿ ಮರಳುಗಲ್ಲಿನ ಗೋಡೆಗಳು, ಇವೆಲ್ಲ ಸೇರಿ ಊರನ್ನೇ ತಂಪಿನ ಯಂತ್ರವಾಗಿ ರೂಪಿಸಿವೆ. ವರ್ಷಕ್ಕೆ ಸುಮಾರು 200 ಮಿ.ಮೀ. ಮಳೆಯಷ್ಟೇ ಬೀಳುವ ಈ ಜಿಲ್ಲೆಯಲ್ಲಿ ಖಡೀನ್ ಎಂಬ ಕೃಷಿಪದ್ಧತಿ ಇದಕ್ಕಿಂತಲೂ ಹೆಚ್ಚಿನದು: ಕಲ್ಲುನೆಲದ ದಿಣ್ಣೆಗಳಿಂದ ಹರಿದುಬರುವ ಮಳೆನೀರನ್ನು ತಗ್ಗಿನಲ್ಲಿ ಮಣ್ಣಿನ ಬದು ಹಾಕಿ ತಡೆದು, ಅದು ನೆಲಕ್ಕೆ ಇಂಗಿದ ಬಳಿಕ ಉಳಿಯುವ ತೇವದಲ್ಲೇ ಚಳಿಗಾಲದ ಗೋಧಿ, ಕಡಲೆ ಬೆಳೆಯುತ್ತಾರೆ. ಇದನ್ನು ರೂಢಿಗೆ ತಂದ ಕೀರ್ತಿ ಪಾಲಿವಾಲ ಬ್ರಾಹ್ಮಣರದು. ಪಾಳುಬಿದ್ದ ಅವರ ಊರು ಕುಲಧರಾದಲ್ಲಿ ಪ್ರವಾಸಿಗರಿಗೆ ದೆವ್ವದ ಕಥೆಗಳನ್ನು ಹೇಳಲಾಗುತ್ತದೆ. ಖಡೀನಿನ ಬದುಗಳನ್ನು ತೋರಿಸಿದರೆ ಆ ಸಮುದಾಯಕ್ಕೆ ನ್ಯಾಯ ಸಂದೀತು.

ಜೈಸಲ್ಮೇರ್‌ನಿಂದ ರಾಮಗಢಕ್ಕೆ ಸುಮಾರು 60 ಕಿ.ಮೀ., ಅಲ್ಲಿಂದ ತನೋಟ್‌ಗೆ ಮತ್ತೆ ಅಷ್ಟೇ. ಸಟ್ಲೆಜ್ ಮತ್ತು ಬಿಯಾಸ್ ನದಿಗಳು ಕೂಡುವ ಪಂಜಾಬಿನ ಹರೀಕೆಯಿಂದ ಹೊರಟ 649 ಕಿ.ಮೀ. ಉದ್ದದ ಇಂದಿರಾ ಗಾಂಧಿ ಕಾಲುವೆಯ ನೀರು ಈ ಭಾಗಕ್ಕೂ ತಲುಪಿರುವುದರಿಂದ, ಒಣ ಬಯಲಿನ ನಡುವೆ ಹೊಲಗಳ ಹಸಿರು ಫಕ್ಕನೆ ಕಾಣಿಸಿ ಮರೆಯಾಗುತ್ತದೆ. ರಾಮಗಢದಲ್ಲಿ ಟ್ಯಾಂಕ್ ತುಂಬಿಸಿಕೊಳ್ಳದೆ ಮುಂದೆ ಹೋಗುವುದು ಜಾಣತನವಲ್ಲ. ಅಲ್ಲಿಂದಾಚೆ ನೇರವಾದ ಡಾಂಬರು ರಸ್ತೆಯ ಮೇಲೆ ಗಾಳಿ ಮರಳಿನ ನಾಲಿಗೆಗಳನ್ನು ಚಾಚಿರುತ್ತದೆ. ಬಿಸಿಲಿನ ಝಳದಲ್ಲಿ ರಸ್ತೆಯೇ ನೀರಿನಂತೆ ಹೊಳೆಯುವುದರಿಂದ ಅವು ಕಣ್ಣಿಗೆ ಬೀಳುವುದು ತೀರ ಹತ್ತಿರ ಬಂದ ಮೇಲೆ. ಮರಳು ಮುಟ್ಟುವ ಮೊದಲೇ ವೇಗ ತಗ್ಗಿಸಿ, ಅದರ ಮೇಲಿರುವಾಗ ಮುಂದಿನ ಬ್ರೇಕ್ ಒತ್ತದೆ, ಹ್ಯಾಂಡಲ್ ತಿರುಗಿಸದೆ, ಎಂಜಿನ್ನಿನ ವೇಗವನ್ನು ಒಂದೇ ಸಮನಾಗಿಟ್ಟು ದಾಟಬೇಕು.

ತನೋಟ್ ಮಾತೆಯ ಗುಡಿಯ ಪೂಜೆ, ಉಸ್ತುವಾರಿ ಎಲ್ಲವೂ ಗಡಿ ಭದ್ರತಾ ಪಡೆಯದ್ದೇ. 1965ರ ಯುದ್ಧದಲ್ಲಿ ಸುತ್ತಮುತ್ತ ಬಿದ್ದ ಶೆಲ್‌ಗಳು ಸಿಡಿಯದೆ ಉಳಿದದ್ದು ದೇವಿಯ ಕೃಪೆಯೆಂದು ಯೋಧರು ನಂಬುತ್ತಾರೆ. ಅಂಥ ಕೆಲವು ಶೆಲ್‌ಗಳನ್ನು ಗುಡಿಯೊಳಗೆ ಇರಿಸಲಾಗಿದೆ. ಸುಮಾರು 40 ಕಿ.ಮೀ. ದೂರದ ಲೋಂಗೇವಾಲಾದಲ್ಲಿ 1971ರ ಡಿಸೆಂಬರ್ 4ರ ರಾತ್ರಿ ಮೇಜರ್ ಕುಲದೀಪ್ ಸಿಂಗ್ ಚಾಂದಪುರಿ ನೇತೃತ್ವದ ಸುಮಾರು 120 ಯೋಧರು ಟ್ಯಾಂಕ್‌ಗಳೊಂದಿಗೆ ಬಂದ ಶತ್ರುಪಡೆಯನ್ನು ತಡೆದು ನಿಲ್ಲಿಸಿದರು, ಮತ್ತು ಬೆಳಕು ಹರಿದೊಡನೆ ವಾಯುಪಡೆಯ ಹಂಟರ್ ವಿಮಾನಗಳು ಅವರ ನೆರವಿಗೆ ಬಂದವು. ತನೋಟ್‌ನಿಂದ ಗಡಿಯತ್ತ ಮುಂದೆ ಹೋಗಲು ಭದ್ರತಾ ಪಡೆಯ ಅನುಮತಿ ಬೇಕು.

ಮೇ ತಿಂಗಳಲ್ಲೇ ಬರಬೇಕಾದವರು ಜೈಸಲ್ಮೇರ್‌ನಿಂದ ನಸುಕಿನಲ್ಲೇ ಹೊರಟು, ಬಿಸಿಲೇರುವ ಮುನ್ನ ತನೋಟ್ ಮುಟ್ಟಿ, ಹನ್ನೊಂದರಿಂದ ಐದರವರೆಗೆ ಬೈಕ್ ಹತ್ತದಿರುವುದು ಲೇಸು. ಇನ್ನೊಂದು ವಿನಂತಿಯೂ ಇದೆ. ಸಾಹಸದ ಹುಮ್ಮಸ್ಸಿನಲ್ಲಿ ರಸ್ತೆ ಬಿಟ್ಟು ಸೇವಣ್ ಹುಲ್ಲಿನ ಬಯಲಿಗೆ ಬೈಕ್ ಇಳಿಸಬಾರದು. ನಮ್ಮ ಸಿರುಗುಪ್ಪದ ಸುತ್ತ ಬೆರಳೆಣಿಕೆಗೆ ಇಳಿದಿರುವ ದೊರವಾಯನ ಹಕ್ಕಿಗೆ ಜೈಸಲ್ಮೇರ್‌ನ ಈ ಹುಲ್ಲುಗಾವಲುಗಳೇ ದೊಡ್ಡ ಆಸರೆ. ಅದು ಗೂಡು ಕಟ್ಟುವುದಿಲ್ಲ, ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು ಬರಿನೆಲದ ಮೇಲೆ ಇಡುತ್ತದೆ, ಮತ್ತು ಬೇಸಿಗೆ ಅದು ಮರಿ ಮಾಡುವ ಕಾಲ.