ಗೆರೆ ನೋಡಿ ಗಾಡಿ ಕಟ್ಟಬೇಡಿ

ಫೋನಿನಲ್ಲಿ ಪೇಟೆ ಧಾರಣೆಯ ನಕ್ಷೆ ನೋಡುವ ರೈತ ಬಾಂಧವರು ಈಗ ನಮ್ಮಲ್ಲಿ ಬಹಳ ಮಂದಿ. ಸೊಲ್ಲಾಪುರದ ಉಳ್ಳಾಗಡ್ಡಿ ಧಾರಣೆಯ ಗೆರೆ ಮೇಲೇರಿತೆಂದರೆ ಆ ರಾತ್ರಿಯೇ ಚೀಲ ತುಂಬುವುದುಂಟು. ಅಷ್ಟು ಅವಸರ ಬೇಡವೆಂದು ನಾವು ಹೇಳುತ್ತೇವೆ.

ಬರಿಯ ಗೆರೆ ಏರಿಳಿತವನ್ನಷ್ಟೇ ತೋರಿಸುತ್ತದೆ. ಅನೇಕ ನಕ್ಷೆಗಳಲ್ಲಿ ಗೆರೆಯ ಮೇಲಿನ ಚುಕ್ಕೆಯನ್ನು ಬೆರಳಿನಿಂದ ಮುಟ್ಟಿದರೆ ಚಿಕ್ಕದೊಂದು ಚೌಕ ತೆರೆದು ಆ ದಿನದ ವಿವರ ಕಾಣುತ್ತದೆ. ಎಲ್ಲವನ್ನೂ ಒಮ್ಮೆಗೇ ಬರೆದರೆ ನಕ್ಷೆ ಗೋಜಲಾಗುವುದರಿಂದ, ಕೇಳಿದಾಗ ಮಾತ್ರ ತೋರುವಂತೆ ಇದನ್ನು ಮಾಡಿರುತ್ತಾರೆ.

ಕೇಂದ್ರ ಸರ್ಕಾರದ ಅಗ್ಮಾರ್ಕ್‌ನೆಟ್ ಕೊಡುವ ಪೇಟೆವಾರು ಲೆಕ್ಕದಲ್ಲಿ ಆವಕವೂ, ಕ್ವಿಂಟಲಿಗೆ ಕನಿಷ್ಠ, ಗರಿಷ್ಠ, ಮಾದರಿ ಎಂಬ ಮೂರು ಧಾರಣೆಗಳೂ ಇರುತ್ತವೆ. ಗರಿಷ್ಠವೆಂಬುದು ಆಯ್ದ ಒಂದೆರಡು ರಾಶಿಗೆ ಮಾತ್ರ ಸಿಕ್ಕಿದ್ದಿರಬಹುದು. ಮಾದರಿಯೆಂದರೆ ಹೆಚ್ಚಿನ ಮಾಲು ಮಾರಾಟವಾದ ಧಾರಣೆ. ಗರಿಷ್ಠ 3,000 ರೂಪಾಯಿ, ಮಾದರಿ 1,400 ಎಂದಿಟ್ಟುಕೊಳ್ಳಿ. 40 ಕ್ವಿಂಟಲ್ ಒಯ್ದವನ ಲೆಕ್ಕ 64,000 ರೂಪಾಯಿ ತಪ್ಪುತ್ತದೆ.

ಆವಕ ದಿನೇ ದಿನೇ ಏರುತ್ತಿದ್ದರೆ ಧಾರಣೆ ಇಳಿಯುವ ಸಂಭವವೂ ಉಂಟು. ಆದ್ದರಿಂದ ಗಾಡಿ ಬಾಡಿಗೆ ಗೊತ್ತುಮಾಡುವ ಮೊದಲು ಚುಕ್ಕೆ ಮುಟ್ಟಿ, ತಾರೀಖು, ಆವಕ, ಮಾದರಿ ಧಾರಣೆ ಮೂರನ್ನೂ ನೋಡಿಕೊಳ್ಳಿರಿ. ಓದು ಬಾರದ ಹಿರಿಯರಿಗೆ ಮನೆಯ ಮಕ್ಕಳು ಓದಿ ಹೇಳಲಿ.